ಉಸಿರು ಕಲಿತ ನಳಿಗೆ

"ಬಾಯಿ ಹಚ್ಚಬೇಡ ಕಣಪ್ಪಾ. ಊದಬೇಡ. ಅದು ನಿನ್ನ ಉಸಿರು ಕಲಿತುಬಿಡುತ್ತೆ!"

ದೊಕಿಯಾ ಅಜ್ಜಿ, ಮಾಂಸಕ್ಕೆ ಹೊಗೆ ಹಿಡಿಸುವ ಹೊಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ವುಕಾಶಿನ್ ಅವಳ ಮೊಮ್ಮಗಳ ಗಂಡ. ಪಟ್ಟಣದ ಕೋವಿ ಕಾರ್ಖಾನೆಯಲ್ಲಿ ಹದಿನಾರು ವರ್ಷ ಲೇತು ನಡೆಸಿದವನು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಲೇತನ್ನೂ ಹೆಂಡತಿ ಮಗಳನ್ನೂ ಒಂದೇ ಲಾರಿಯಲ್ಲಿ ಹಾಕಿಕೊಂಡು, ಹೆಂಡತಿಯ ತವರಾದ ಈ ಹೊಮೊಲ್ಯೆ ಬೆಟ್ಟಕ್ಕೆ ಬಂದು ಸೇರಿದ್ದ. ಈಗ ಅವನ ಕೈಯಲ್ಲಿದ್ದದ್ದು ಒಂದು ಕೋವಿಯ ನಳಿಗೆ. ಹೊಗೆಮನೆಯ ಮಾಡು ರಿಪೇರಿ ಮಾಡುವಾಗ ಬಾಗಿಲ ತೊಲೆಯ ಸಂದಿನಲ್ಲಿ ಸಿಕ್ಕಿತ್ತು. ಎರಡೂ ತುದಿಗೆ ಮೇಣ ಜಡಿದಿದ್ದರು, ಮೈತುಂಬ ಕೆಂಪು ದಾರ ಸುತ್ತಿದ್ದರು.

ಅವನು ದಾರ ಕಿತ್ತು ಬಿಸಾಕಿದ. ಚಾಕುವಿನಿಂದ ಮೇಣ ಕೆತ್ತಿದ.

"ಅಜ್ಜೀ, ಇಷ್ಟು ವರ್ಷ ಕಬ್ಬಿಣಕ್ಕೆ ನಾನೇ ಪಾಠ ಹೇಳಿದ್ದೀನಿ. ಅದು ನನ್ನಿಂದ ಇನ್ನೇನು ಕಲೀಬೇಕು ಬಿಡು."

ಕೋವಿ ಕೆಲಸದವರಿಗೆ ಒಂದು ಅಭ್ಯಾಸ. ನಳಿಗೆ ಕೈಗೆ ಬಂದರೆ ಬೆಳಕಿಗೆ ಹಿಡಿದು ಒಳಗಿನ ಸುರುಳಿಗೆರೆ ನೋಡುತ್ತಾರೆ, ಆಮೇಲೆ ಧೂಳು ಹೋಗಲೆಂದು ಊದುತ್ತಾರೆ. ವುಕಾಶಿನ್ ನೋಡಿದ. ಗೆರೆಗಳು ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದವು. ಅಜ್ಜಿಯನ್ನು ಕೆಣಕಲೆಂದೇ ಕೆನ್ನೆ ಉಬ್ಬಿಸಿ, ಪೂರ್ತಿ ಊದಿದ.

ನಳಿಗೆ ಸಣ್ಣಗೆ ಶಿಳ್ಳೆ ಹಾಕಿತು. ಅವನು ಬಾಯಿ ತೆಗೆದ ಮೇಲೂ ಶಿಳ್ಳೆ ನಿಲ್ಲಲಿಲ್ಲ, ಮೂರು ಎಣಿಸುವಷ್ಟು ಹೊತ್ತು ಹಾಗೇ ಇತ್ತು. ಸುಟ್ಟ ಕೂದಲಿನ ವಾಸನೆ, ಆರಿದ ಮೇಣದಬತ್ತಿಯ ವಾಸನೆ, ಅದರಡಿಯಲ್ಲಿ ಹಸಿ ರಕ್ತದ ಕಮಟು ಮೂಗಿಗೆ ಬಡಿಯಿತು. ತೂಗುಹಾಕಿದ್ದ ಹಂದಿ ತೊಡೆಗಳೆಲ್ಲ ಗಾಳಿಯಿಲ್ಲದೆ ಅಲುಗಿದವು.

ಅಜ್ಜಿ ಅವನು ಬಿಸಾಕಿದ್ದ ಕೆಂಪು ದಾರವನ್ನು ಹೆಕ್ಕಿಕೊಂಡಳು.

"ನನ್ನ ಗಂಡ ಪೌನ್ ಇದರಿಂದಲೇ ನನ್ನ ಅಣ್ಣನ್ನ ಹೊಡೆದ. ಗಡಿಕಲ್ಲಿನ ಜಗಳ. ಅಣ್ಣನ ಜೀವ ಹೋಗೋ ಹೊತ್ತಿಗೆ ನಮ್ಮವ್ವ ಇದನ್ನ ಅವನ ಬಾಯಿಗಿಟ್ಟು ಕೊನೇ ಉಸಿರು ಹಿಡಿದಳು. 'ನನ್ನ ಮಗನ ಉಸಿರು ತಗೊಂಡೆಯಲ್ಲ, ಇನ್ನು ಯಾರ ಉಸಿರು ನಿನ್ನೊಳಗೆ ಬರುತ್ತೋ ಅದನ್ನೇ ಹುಡುಕ್ಕೊಂಡು ಹೋಗು' ಅಂದಳು. ಮಾರನೇ ವಾರ ಪೌನ್ ಊದಿದ. ಮೊಲಕ್ಕೆ ಹೊಡೆದ. ಗುಂಡು ತಿರುಗಿ ಬಂದು ಅವನ ಬಾಯೊಳಗೇ ಹೋಯ್ತು."

"ಹೌದೌದು, ಮೊಲಾನೇ ವಾಪಸ್ ಹೊಡೆದಿರಬೇಕು" ಎಂದ ವುಕಾಶಿನ್.

ಅವನಿಗೆ ನಗುವಷ್ಟು ಖುಷಿಯಾಗಿತ್ತು, ಸುಳ್ಳೇಕೆ. ಈ ಊರಲ್ಲಿ ಹಂದಿ ಬೇಟೆಯ ಮಾಂಸದಲ್ಲಿ ಕೋವಿ ಇದ್ದವನಿಗೆ ಮಾತ್ರ ಪಾಲು. ಅವನ ಬಳಿ ಯುದ್ಧಕಾಲದ ಒಂದು ಮೌಸರ್ ಕೋವಿ ಇತ್ತೇನೋ ನಿಜ, ಆದರೆ ನಳಿಗೆ ತುಕ್ಕು ತಿಂದು, ಇಪ್ಪತ್ತು ಹೆಜ್ಜೆ ದೂರದ ಕೊಟ್ಟಿಗೆಯ ಗೋಡೆಗೂ ಗುರಿ ತಾಗದು. ಹೊಸ ನಳಿಗೆ ಕೊಳ್ಳುವುದೆಂದರೆ ಹಸು ಮಾರಬೇಕು. ಈಗ ಹೊಸತರಂಥ ನಳಿಗೆ ಬಿಟ್ಟಿ ಸಿಕ್ಕಿತ್ತು. ಬಿಟ್ಟಿ ಸಿಕ್ಕಿದ್ದನ್ನು ಅಜ್ಜಿಕತೆಗೆ ಹೆದರಿ ಬಿಡುವವನು ಅವನಲ್ಲ.

ಅಷ್ಟರಲ್ಲಿ ಆರು ವರ್ಷದ ಮಗಳು ನೆವೆನಾ ಓಡಿಬಂದು ಅಪ್ಪನ ಕಾಲು ತಬ್ಬಿಕೊಂಡಳು. ಇದೇ ತವರುಮನೆಯಲ್ಲಿ ಹುಟ್ಟಿದಾಗ ನೀಲಿಗಟ್ಟಿದ್ದ ಕೂಸು ಅದು, ಉಸಿರೇ ಇರಲಿಲ್ಲ. ಸೂಲಗಿತ್ತಿಯಾಗಿದ್ದ ಈ ಅಜ್ಜಿಯೇ ಕೈಬಿಟ್ಟಿದ್ದಳು. ವುಕಾಶಿನ್ ಮಾತ್ರ ಬಿಡದೆ, ಕೂಸಿನ ಬಾಯಿಗೆ ಬಾಯಿಟ್ಟು, ಅದು ಕಿರ್ರೆನ್ನುವವರೆಗೂ ಊದಿದ್ದ. ಅಂದಿನಿಂದ ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: ಇವಳೊಳಗೆ ಆಡ್ತಿರೋದು ನಿನ್ನ ಉಸಿರೇ ಕಣಪ್ಪಾ.

ಈಗ ಅಜ್ಜಿ ಮಗುವನ್ನು ಎಳೆದು ತನ್ನ ಶಾಲಿನೊಳಗೆ ಮುಚ್ಚಿಕೊಂಡಳು.

ಮೌಸರಿಗೆ ಈ ನಳಿಗೆ ಕೂರಿಸುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಹೆಂಡತಿ ಬೊಸಿಲ್ಕಾಳ ಒಬ್ಬನೇ ತಮ್ಮ ಟ್ರೈಲೊ ಜೊತೆಗಿದ್ದ. ದೈತ್ಯ ಆಳು, ಬಾಯಿ ಮುಚ್ಚಿ ಗೊತ್ತಿಲ್ಲದವನು. ಓಕ್ ಮರದ ಎರಡು ತುಂಡುಗಳ ನಡುವೆ ಹಳೆಯ ನಳಿಗೆಯನ್ನು ಬಿಗಿದು, ಸೀಮೆಎಣ್ಣೆ ಕುಡಿಸಿ, ಬೆಂಕಿ ತೋರಿಸಿ, ಟ್ರೈಲೊ ಉದ್ದನೆಯ ಪಾನಾ ಹಿಡಿದು ಜಗ್ಗಿದ. ಕಿರುಚಿಕೊಂಡು ತಿರುಪಿನ ಮರೆ ಸಡಿಲಿತು.

"ಅಕ್ಕನ್ನ ಮದುವೆಯಾಗೋಕೆ ನೀನು ಇಷ್ಟು ಒದ್ದಾಡಿರಲಿಲ್ಲ ಭಾವ" ಎಂದ ಟ್ರೈಲೊ.

"ಅವಳಿಗೆ ತುಕ್ಕು ಹಿಡಿದಿರಲಿಲ್ಲವಲ್ಲೋ."

ಅಳತೆ ನೋಡುವ ದುಬಾರಿ ಸಾಮಾನು ಅವನಲ್ಲಿರಲಿಲ್ಲ. ಖಾಲಿ ತೋಟಾದ ಬುಡಕ್ಕೆ ತೆಳು ಪಟ್ಟಿ ಅಂಟಿಸಿ ಕೋವಿಯ ಬೋಲ್ಟು ಮುಚ್ಚಿ ನೋಡುತ್ತಿದ್ದ. ಪಟ್ಟಿ ಇಲ್ಲದಿದ್ದರೆ ಮುಚ್ಚಬೇಕು, ಇದ್ದರೆ ಮುಚ್ಚಬಾರದು. ಕೂದಲೆಳೆಯಷ್ಟು ಲೇತಿನಲ್ಲಿ ತರಿಯುವುದು, ಮತ್ತೆ ನೋಡುವುದು. ಆದರೆ ಈ ನಳಿಗೆಗೆ ತರಿಯುವ ಕೆಲಸವೇ ಬೀಳಲಿಲ್ಲ. ತಾನಾಗಿಯೇ ತಿರುಗಿಕೊಂಡು ಹೋಗಿ ಕೂತಿತು. ಕಬ್ಬಿಣ ಜ್ವರ ಬಂದ ಮೈಯಂತೆ ಬೆಚ್ಚಗಿತ್ತು. ಟ್ರೈಲೊ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡು, ಪ್ಯಾಂಟಿಗೆ ಒರೆಸಿಕೊಂಡ.

ಪರೀಕ್ಷೆಗೆ ಶನಿವಾರ ಮಧ್ಯಾಹ್ನ ಕೋವಿಯನ್ನು ಹಳೆಯ ಟೈರಿಗೆ ಬಿಗಿದು, ಬಾಯನ್ನು ಖಾಲಿ ಗುಡ್ಡದ ಕಡೆ ತಿರುಗಿಸಿ, ಟ್ರಿಗರಿಗೆ ಹಗ್ಗ ಕಟ್ಟಿದರು. ಟ್ರೈಲೊ ಹಳ್ಳದಲ್ಲಿ ಮಲಗಿದ. ವುಕಾಶಿನ್ ಕೋವಿಯ ಹಿಂದೆ ಮೂವತ್ತು ಹೆಜ್ಜೆ ದೂರ, ಆಕ್ರೋಟದ ಮರದ ಮರೆಯಲ್ಲಿ ನಿಂತು, ನಗುತ್ತಲೇ ಹಗ್ಗ ಎಳೆದ.

ಢಮ್ಮೆಂದಿತು. ಆಮೇಲೆ ಶಿಳ್ಳೆ. ಅದು ದೂರ ಹೋಗಿ, ನಿಂತು, ಹತ್ತಿರ ಬಂತು. ಮರ ನಡುಗಿತು. ತೊಗಟೆ ಸಿಡಿಯಿತು. ಗುಂಡು ಒಂದಾಳು ದಪ್ಪದ ಮರವನ್ನು ತೂರಿ, ಅವನ ಎಡಕಿವಿಯ ಅರ್ಧವನ್ನು ಕಿತ್ತುಕೊಂಡು, ನೆಲಕ್ಕೆ ಬಿತ್ತು. ಬೆರಳ ಸಂದಿಯಿಂದ ರಕ್ತ ಸುರಿಯಿತು.

"ಒಡೆದು ಹಾಕು ಭಾವ. ನಿನ್ನ ಕಾಲು ಹಿಡ್ಕೋತೀನಿ, ಒಡೆದು ಹಾಕು ಅದನ್ನ" ಎಂದ ಟ್ರೈಲೊ. ಮೊದಲ ಸಲ ಅವನ ಬಾಯಲ್ಲಿ ತಮಾಷೆ ಇರಲಿಲ್ಲ.

"ಬಂಡೆಗೆ ತಾಗಿ ತಿರುಗಿದೆ ಕಣೋ. ಕಾರ್ಖಾನೆಯಲ್ಲಿ ಇಂಥವು ನೂರು ನೋಡಿದ್ದೀನಿ."

ಅಜ್ಜಿ ಕಿವಿಗೆ ರಾಕಿಯಾ ಸಾರಾಯಿ ಸುರಿದು ಬಟ್ಟೆ ಕಟ್ಟುತ್ತ ಹೇಳಿದಳು: "ಅದು ನಿನ್ನ ಉಸಿರಿಗೇ ಬಂತು. ಮರ ತಡೀತು, ಬದುಕಿದೆ."

"ಹಾಗಾದರೆ ಮದ್ದು ಸುಲಭ ಅಜ್ಜಿ. ಗುರಿಯಿಡೋವಾಗ ಬೇಟೆಗಾರ ಉಸಿರು ಬಿಗಿಹಿಡೀತಾನೆ. ಉಸಿರೇ ಇಲ್ಲ ಅಂದಮೇಲೆ ಅದು ಯಾರನ್ನ ಹುಡುಕುತ್ತೆ?"

ಅಜ್ಜಿಯ ಕೈ ನಿಂತಿತು. "ಅಯ್ಯೋ, ಹಾಗೆ ಮಾತ್ರ ಮಾಡಬೇಡವೋ. ನಿನ್ನ ಹತ್ತಿರ ಸಿಗಲಿಲ್ಲ ಅಂದ್ರೆ..."

ಅವನು ಎದ್ದು ಹೋಗಿಯಾಗಿತ್ತು. ಹಾಳಾಗುವವನಿಗೆ ಅರ್ಧ ಮಾತೇ ಹೆಚ್ಚು.

ಭಾನುವಾರ ಬೆಳಗ್ಗೆ ಬೇಟೆ. ಕಾಡಿನ ತುಂಬ ಮಂಜು, ಕೊಳೆತ ಎಲೆಯ ವಾಸನೆ. ಕೆಳಗಿನಿಂದ ಹಂದಿ ಎಬ್ಬಿಸುವವರ ಕೂಗು, ನಾಯಿಗಳ ಬೊಗಳು. ವುಕಾಶಿನ್ ಗುಡ್ಡದ ನೆತ್ತಿಯ ಕೆಳಗೆ ನಿಂತಿದ್ದ. ಅವನ ಬೆನ್ನ ಹಿಂದೆ, ನೆತ್ತಿಯಾಚೆ ಊರು. ನೆತ್ತಿಗೆ ಹತ್ತಿರ, ನೂರು ಹೆಜ್ಜೆ ಮೇಲೆ, ಟ್ರೈಲೊ ಕಾವಲಿದ್ದ.

ಪೊದೆ ಸೀಳಿಕೊಂಡು ಗಂಡುಹಂದಿ ಬಂತು. ಕರಿಯದು, ಕರುವಿನಷ್ಟು ದೊಡ್ಡದು. ವುಕಾಶಿನ್ ಕೋವಿ ಎತ್ತಿದ. ಉಸಿರು ಬಿಗಿಹಿಡಿದ. ಹೊಡೆದ.

ಹಂದಿಗೆ ಏನೂ ಆಗಲಿಲ್ಲ.

ಗುಂಡು ಮಂಜಿನೊಳಗೆ ಶಿಳ್ಳೆ ಹಾಕುತ್ತಿತ್ತು. ಅವನ ತಲೆಯ ಸುತ್ತ ಒಂದು ಸುತ್ತು ಬಂತು. ಮೂಗಿನ ಹತ್ತಿರ ಬಂದು ಮೂಸಿತು. ಅವನು ಹೆದರಿ ಉಸಿರನ್ನು ಇನ್ನೂ ಬಿಗಿಹಿಡಿದ. ಸಿಗಲಿಲ್ಲವೆಂದು ಅದು ಮೇಲೆದ್ದಿತು. ನೆತ್ತಿ ದಾಟಿತು. ಊರ ಕಡೆ ಹೊರಟಿತು.

ಊರಿನಲ್ಲಿ ಅವನ ಉಸಿರು ಇನ್ಯಾರಲ್ಲಿದೆ?

ನೆವೆನಾ!

ಆ ಹೊತ್ತಿಗೇ ಹಂದಿ ನುಗ್ಗಿತು. ಕೋರೆ ತೊಡೆಗೆ ಹೊಕ್ಕಿತು. ಮಂಡಿಯಿಂದ ಸೊಂಟದವರೆಗೆ ಸೀಳಿತು. ಬಿದ್ದ. ಬಿಸಿ ರಕ್ತ ಬೂಟಿನೊಳಗೆ ತುಂಬಿತು. ಹಂದಿ ಮತ್ತೆ ತಿರುಗಿತು. ಅವನಿಗೆ ಹಂದಿಯ ಪರಿವೆಯೇ ಇರಲಿಲ್ಲ. ಕೋವಿಯನ್ನು ತಿರುಗಿಸಿ ನಳಿಗೆಯ ಬಾಯಿಯನ್ನು ತನ್ನ ಬಾಯಿಗಿಟ್ಟುಕೊಂಡ. ತುಟಿ ಚರ್ರೆಂದು ಸುಟ್ಟಿತು. ಊದಿದ. ಇಲ್ಲಿದ್ದೀನಿ ಬಾ. ಇಲ್ಲಿ. ಇಲ್ಲಿ. ಎದೆಯೊಳಗಿದ್ದುದನ್ನೆಲ್ಲ ಊದಿದ.

ದೂರದಲ್ಲಿ ಶಿಳ್ಳೆ ನಿಂತಿತು. ತಿರುಗಿತು.

"ಭಾವಾ! ಬಂದೆ ಭಾವಾ!"

ನೆತ್ತಿಯ ಕಡೆಯಿಂದ ಟ್ರೈಲೊ ಇಳಿದು ಓಡಿ ಬರುತ್ತಿದ್ದ. ಹಂದಿಗೆ ಗುಂಡು ಹೊಡೆದರೆ ಭಾವನಿಗೆ ತಾಗೀತೆಂದು ಕೋವಿ ಬಿಸಾಡಿ, ಕೈಯಲ್ಲಿ ಚೂರಿ ಹಿಡಿದಿದ್ದ. ಅವನ ಬೆನ್ನ ಹಿಂದೆಯೇ, ಅದೇ ದಾರಿಯಲ್ಲಿ, ಶಿಳ್ಳೆ.

ಬಗ್ಗು ಎನ್ನಬೇಕು. ಒಂದೇ ಮಾತು. ಬಾಯಿ ತೆಗೆದರೆ ಉಸಿರು ತಪ್ಪುತ್ತದೆ. ತಪ್ಪಿದರೆ ಅದು ಮಗಳ ಕಡೆ ತಿರುಗುತ್ತದೆ. ಟ್ರೈಲೊ ಹತ್ತು ಹೆಜ್ಜೆಯಲ್ಲಿದ್ದ. ಐದು. ವುಕಾಶಿನ್ ಅವನನ್ನೇ ನೋಡುತ್ತ ಊದಿದ.

ಬಾಯಿ ತೆಗೆಯಲಿಲ್ಲ.

ಟ್ರೈಲೊನ ಎದೆ ಮುಂದಕ್ಕೆ ಸಿಡಿಯಿತು. ಅವನು ಆಶ್ಚರ್ಯದಿಂದ ಭಾವನನ್ನು ನೋಡಿ, ಹಂದಿಯ ಮೇಲೆಯೇ ಕವುಚಿ ಬಿದ್ದ. ಬೀಳುವಾಗಲೂ ಚೂರಿ ಹಂದಿಯ ಕುತ್ತಿಗೆಗೆ ಇಳಿಯಿತು. ಅವನನ್ನು ದಾಟಿ ಬಂದ ಗುಂಡು ವುಕಾಶಿನನ ಬಲ ಎದೆಗೂಡಿಗೆ ಹೊಕ್ಕು, ಅಲ್ಲೇ ತಣ್ಣಗಾಯಿತು.

ಬೇಟೆಯವರು ಬಂದಾಗ ಹಂದಿಯದೂ ಸೇರಿ ಮೂವರ ರಕ್ತವೂ ಒಂದೇ ಮಡುವಾಗಿತ್ತು. ಜೀವ ಉಳಿದಿದ್ದು ಒಬ್ಬನದೇ.

ಎದುರಿಗಿದ್ದವನ ಕೋವಿಯ ಗುಂಡು ಟ್ರೈಲೊನ ಬೆನ್ನಿಗೆ ಹೇಗೆ ಬಿತ್ತೆಂದು ಪೊಲೀಸರಿಗೆ ಕೊನೆಗೂ ತಿಳಿಯಲಿಲ್ಲ. ಆಕಸ್ಮಿಕ ಎಂದು ಬರೆದು ಹೋದರು. ವೈದ್ಯರು ಎದೆಯೊಳಗಿನ ಗುಂಡು ತೆಗೆಯಲಾಗದೆಂದರು. ವುಕಾಶಿನನಿಗೆ ಮಾತು ಹೋಯಿತು. ಉಸಿರಾಡಿದರೆ ಎದೆಯಿಂದ ಸಣ್ಣ ಶಿಳ್ಳೆ ಬರುತ್ತಿತ್ತು.

"ಕಿಟಕಿ ಗಾಜು ತೂತು ಮಾಡಿ ಒಂದು ದುಂಬಿ ಬಂತು ಅಪ್ಪ" ಎಂದು ನೆವೆನಾ ಹೇಳಿದಳು. "ನನ್ನ ಬಾಯಿ ಮುಂದೇನೇ ನಿಂತಿತ್ತು. ಆಮೇಲೆ ನೀನು ಕರೆದೆ. ಹೋಯ್ತು."

ನಲವತ್ತನೆಯ ದಿನ ಟ್ರೈಲೊನ ಹೆಸರಿನಲ್ಲಿ ಊಟ. ಆ ಕಡೆಯ ಪದ್ಧತಿಯಂತೆ ಉದ್ದ ಮೇಜಿನ ಒಂದು ಬದಿ ಬದುಕಿದವರಿಗೆ, ಇನ್ನೊಂದು ಬದಿ ಸತ್ತವರಿಗೆ. ಅವರ ತಟ್ಟೆಗೂ ಬಡಿಸುತ್ತಾರೆ, ಕುರ್ಚಿ ಖಾಲಿ ಇರುತ್ತದೆ. ಟ್ರೈಲೊನ ಮೇಣದಬತ್ತಿ ಕರಗಿ ಬಿದ್ದದ್ದನ್ನು ದೊಕಿಯಾ ಅಜ್ಜಿ ಬಳಿದು, ಕೋವಿಯಿಂದ ಬಿಚ್ಚಿಸಿದ ನಳಿಗೆಯ ಎರಡೂ ತುದಿಗೆ ಜಡಿದಳು.

ಬೊಸಿಲ್ಕಾ ಗಂಡನ ಮುಂದೆ ಬಂದು ನಿಂತಳು. ನಲವತ್ತು ದಿನದಲ್ಲಿ ಮೊದಲ ಸಲ ಮಾತಾಡಿದಳು.

"ನನ್ನ ತಮ್ಮ ಬರ್ತಿದ್ದದ್ದು ನಿನಗೆ ಕಾಣ್ತಾ?"

ವುಕಾಶಿನ್ ಹೌದೆಂದು ತಲೆಯಾಡಿಸಿದ. ಎದೆ ಶಿಳ್ಳೆ ಹಾಕಿತು.

"ಕೂಗಿದ್ದರೆ ಬಗ್ತಿದ್ನಾ?"

ಸುಳ್ಳು ಹೇಳಬಹುದಿತ್ತು. ಅವನು ಮತ್ತೆ ತಲೆಯಾಡಿಸಿದ.

ಅವಳು ಮಗಳ ತಲೆ ನೇವರಿಸಿ, ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಗಂಡನ ತಟ್ಟೆ ಎತ್ತಿಕೊಂಡು ಹೋಗಿ, ಮೇಜಿನ ಆಚೆ ಬದಿಯಲ್ಲಿ, ಟ್ರೈಲೊನ ತಟ್ಟೆಯ ಪಕ್ಕಕ್ಕಿಟ್ಟು ಬಡಿಸಿದಳು.

ವುಕಾಶಿನ್ ಕುಂಟುತ್ತ ಹೋಗಿ ಅಲ್ಲಿಯೇ ಕುಳಿತ.