ಜೋರೆಲ್ ಹಿಕ್ಸ್‌ನ ಕಾಣೆಯಾದ ಚೆಂಡು

“ಚೆಂಡು ಹೋಯ್ತು! ಮಲಗಿದ್ದಾಗ ತೋಳಿಂದ ಕತ್ತರಿಸ್ಕೊಂಡು ಹೋಗಿದಾರೆ!”

ಬೆಳಗಿನ ತಿಂಡಿಗೆ ಮೊದಲೇ ಜೋರೆಲ್ ಹಿಕ್ಸ್ ಚಿಕಿತ್ಸಾ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಸ್ಪಂಜಿನ ತೆಳು ಹಾಳೆಯಿಟ್ಟು ಆಟಗಾರರ ಕಾಲಿಗೆ ಅಂಟುಪಟ್ಟಿ ಸುತ್ತುವುದು ಲೆನೋರ್ ಫಿಸ್ಕ್‌ಳ ಕೆಲಸ. ಕೈಲಿದ್ದ ಸುರುಳಿ ಬಿಟ್ಟು ಅವಳು ಅವನ ಹಿಂದೆಯೇ ಓಡಿದಳು.

ಮಿಲ್ವಾಕಿ ಫೆರಿಮೆನ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಯ್ಕೆ ಶಿಬಿರದಲ್ಲಿ ಒಂದು ಪದ್ಧತಿ. ಅಭ್ಯಾಸ ಪಂದ್ಯದಲ್ಲಿ ಚೆಂಡು ಕೈಜಾರಿಸಿದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಓಟಗಾರ, ಮುಂದಿನ ಪಂದ್ಯದವರೆಗೆ ಒಂದು ಚೆಂಡನ್ನು ಕಂಕುಳಲ್ಲಿಟ್ಟುಕೊಂಡೇ ಇರಬೇಕು, ಊಟಕ್ಕೂ ಹಾಸಿಗೆಗೂ. ಎದುರಿನಿಂದ ಯಾರು ಬೇಕಾದರೂ ತಟ್ಟಿ ಬೀಳಿಸಬಹುದು. ಬಿದ್ದರೆ ಅವನ ಕತೆ ಮುಗಿಯಿತು. ಆದರೆ ಕದಿಯುವಂತಿಲ್ಲ. ಕದ್ದವನು ತಂಡದಿಂದ ಹೊರಗೆ.

ಓಟಗಾರರಲ್ಲಿ ಉಳಿದಿದ್ದು ಒಂದೇ ಜಾಗ. ಅದಕ್ಕೆ ಇಬ್ಬರು: ಯಾವ ತಂಡವೂ ಆರಿಸದೆ, ತಾನೇ ಬಾಗಿಲು ತಟ್ಟಿ ಬಂದ ಜೋರೆಲ್ ಮತ್ತು ಮೂವತ್ತಕ್ಕೇ ಎಲ್ಲರ ಬಾಯಲ್ಲಿ ‘ತಾತ’ ಆಗಿಬಿಟ್ಟಿದ್ದ ಮಾರ್ಲನ್ ಪ್ರೂಯಿಟ್.

ತಂಡದ ಕಾವಲಿನ ಮುಖ್ಯಸ್ಥೆ ಒಡೆಸ್ಸಾ ಟ್ರಿಂಬಲ್ ಆಗಲೇ ಜೋರೆಲ್‌ನ ಕೋಣೆಯಲ್ಲಿದ್ದರು. ಹಿಂದೆ ಪೊಲೀಸ್ ಪತ್ತೇದಾರಿಯಾಗಿದ್ದ ಅವರು ಶಿಬಿರ ಮುಗಿಯುವವರೆಗೆ ಆಟಗಾರರ ಹಾಸ್ಟೆಲಿನಲ್ಲೇ ಇರುತ್ತಿದ್ದರು. ಮಾತು ಕಡಿಮೆಯ ಲೆನೋರ್‌ಳನ್ನು ಎಲ್ಲಿಗೂ ಜೊತೆಗೆ ಕರೆದೊಯ್ಯುವುದು ಅವರ ರೂಢಿ.

“ಹೇಗೆ ಕಟ್ಕೊಂಡಿದ್ದೆ?”

“ಬರಿ ತೋಳಿಗೇ ಮೇಡಂ. ರಾತ್ರಿ ನಾನೇ ಪಟ್ಟಿ ಬಿಗಿಯಾಗಿ ಸುತ್ಕೊಂಡೆ.” ಜೋರೆಲ್ ತೋಳು ಚಾಚಿದ. ಲೆನೋರ್ ಅದನ್ನು ಹಿಡಿದು ನೋಡಿದಳು. ಗಾಯವಿಲ್ಲ, ಗೀರಿಲ್ಲ; ಕೂದಲು ತುಂಬಿದ ತೋಳು. ಪಾಪ, ಎಂದುಕೊಂಡಳು. ನೆಲದಲ್ಲಿ ಬಿದ್ದಿದ್ದ ಕತ್ತರಿಸಿದ ಪಟ್ಟಿಯನ್ನು ಎತ್ತಿ ಒಡೆಸ್ಸಾಗೆ ಕೊಟ್ಟಳು. ಅಂಟಿನ ಬದಿ ಹೊಸದರಂತೆ ಬೆಳ್ಳಗಿತ್ತು.

“ಬೆಳಿಗ್ಗೆ ಯಾರನ್ನಾದ್ರೂ ನೋಡಿದ್ಯೇನಮ್ಮ?”

ಲೆನೋರ್ ಬಾಯಿಬಿಟ್ಟಳು. “ಪ್ರೂಯಿಟ್ ಅವರು ಈ ಕೋಣೆಯಿಂದ ಹೊರಗೆ ಬಂದ್ರು. ಚೀಲದಲ್ಲಿ ಏನೋ ಕಿಣಿಕಿಣಿ ಅಂತಿತ್ತು. ಕಳ್ಳನ ಥರ ನಡೀತಿದ್ರು.”

ಆ ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅವಳೇ ಸೇರಿಸಿದ್ದು.

ಕೋಚ್ ಹ್ಯಾಸ್ಕೆಲ್ ಬಟ್ಟೆ ಬದಲಿಸುವ ಕೋಣೆಗೆ ನುಗ್ಗಿ ಪ್ರೂಯಿಟ್‌ನ ಚೀಲ ಕೊಡವಿದರು. ಚೆಂಡು ಉರುಳಿತು, ಜೊತೆಗೆ ಊಟದ ಮನೆಯ ಉಪ್ಪು, ಮೆಣಸುಪುಡಿ ಡಬ್ಬಿಗಳು.

“ಉಪ್ಪನ್ನೂ ಬಿಟ್ಟಿಲ್ವಲ್ಲೋ ತಾತ!” ಯಾರೋ ಕೂಗಿದರು. ಎಲ್ಲರೂ ನಕ್ಕರು. ಸ್ನಾನ ಮಾಡಿ ಬಂದ ಪ್ರೂಯಿಟ್ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ನಿಂತಿದ್ದ. ಚೆಂಡನ್ನು ನೋಡಿದ, ಆಮೇಲೆ ಜೋರೆಲ್‌ನನ್ನು. ಒಂದು ಮಾತೂ ಆಡಲಿಲ್ಲ.

“ಮಧ್ಯಾಹ್ನಕ್ಕೆ ನೀನು ಜಾಗ ಖಾಲಿ ಮಾಡು” ಎಂದರು ಹ್ಯಾಸ್ಕೆಲ್.

“ಮಧ್ಯಾಹ್ನದ ತನಕ ನಂಗೆ ಸಮಯ ಇದೆ ಅಂದಾಯ್ತು” ಎಂದರು ಒಡೆಸ್ಸಾ. “ಕೋಚ್, ನಿಮ್ಮ ಎಡಗೈ ಸ್ವಲ್ಪ ಕೊಡಿ.” ಅವರ ಮುಂಗೈಗೆ ಬರಿ ಚರ್ಮದ ಮೇಲೇ ಅಂಟುಪಟ್ಟಿ ಸುತ್ತಿದರು. “ನಾನು ಹೇಳೋವರೆಗೆ ತೆಗೀಬೇಡಿ.”

ಮಧ್ಯಾಹ್ನ ಓಟಗಾರರ ಸಭೆಯ ಕೋಣೆಯಲ್ಲಿ ಐವರೂ ಸೇರಿದರು.

“ಲೆನೋರ್, ಕೋಚ್ ಕೈ ಪಟ್ಟಿ ಕಿತ್ತು ತೆಗಿ.”

ಅವಳು ಎಳೆದಳು.

“ಅಯ್ಯಯ್ಯಪ್ಪಾ! ಕೊಲ್ತೀಯೇನೇ!” ಹ್ಯಾಸ್ಕೆಲ್ ಕುರ್ಚಿಯಿಂದ ಎದ್ದೇಬಿಟ್ಟರು. ಮುಂಗೈಯಲ್ಲಿ ಕೆಂಪು ಬರೆ. ಪಟ್ಟಿಯ ತುಂಬ ಕೂದಲು.

ಒಡೆಸ್ಸಾ ಎರಡೂ ಪಟ್ಟಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. “ಇದು ಅರ್ಧ ದಿನ ಚರ್ಮಕ್ಕೆ ಅಂಟಿದ್ದು. ಅದು ಇಡೀ ರಾತ್ರಿ ಅಂಟಿತ್ತಂತೆ. ಒಂದು ಕೂದಲಿಲ್ಲ, ಬೆವರಿನ ಕಲೆ ಇಲ್ಲ. ಹುಡುಗನ ತೋಳಲ್ಲೂ ಗುರುತಿಲ್ಲ. ಅಂದ್ರೆ ಈ ಪಟ್ಟಿ ಯಾರ ತೋಳಿಗೂ ಹತ್ತಿದ್ದಲ್ಲ. ಆಟಗಾರರಿಗೆ ಪಟ್ಟಿ ಸುತ್ತೋದು ಯಾವಾಗ್ಲೂ ಬೇರೆಯವರು, ಅದೂ ಸ್ಪಂಜಿನ ಮೇಲೆ. ಬರಿ ಚರ್ಮದಿಂದ ಕಿತ್ತರೆ ಏನಾಗುತ್ತೆ ಅಂತ ಅವ್ರಿಗೆ ಹೊಳೆಯೋದೇ ಇಲ್ಲ. ತೋಳಿಗೆ ಕಟ್ಕೊಂಡಿದ್ದೆ ಅಂತ ಸುಳ್ಳು ಹೇಳಿದವನು ಒಬ್ಬನೇ. ಎಲ್ಲರೂ ಓಡಾಡೋ ಕಡೆ ಬಿದ್ದಿರೋ ಚೀಲಕ್ಕೆ ಚೆಂಡು ತುರುಕೋದು ಕಷ್ಟವೇ?”

ಲೆನೋರ್‌ಳ ಮುಖ ಕಾದು ಹೋಯಿತು. ಆ ತೋಳನ್ನು ಹಿಡಿದವಳು ಅವಳು. ಆ ಪಟ್ಟಿಯನ್ನು ಎತ್ತಿಕೊಟ್ಟವಳೂ ಅವಳೇ. ತನ್ನದೇ ಕಸುಬಿನ ಮಾತು ಕಣ್ಣೆದುರಿದ್ದೂ ಕಾಣಲಿಲ್ಲ. ಕಳ್ಳನ ನಡಿಗೆ ಮಾತ್ರ ಕಂಡಿತ್ತು.

“ಹಾಗಾದ್ರೆ ಈ ಉಪ್ಪಿನ ಡಬ್ಬಿ?” ಹ್ಯಾಸ್ಕೆಲ್ ಮುಂಗೈ ಉಜ್ಜಿಕೊಂಡರು.

“ಉಪ್ಪು ನಮ್ಮ ತಂಡ, ಮೆಣಸು ಎದುರಾಳಿ. ಮೇಜಿನ ಮೇಲೆ ಜೋಡಿಸಿ, ಯಾರು ಯಾವ ಕಡೆಯಿಂದ ನುಗ್ತಾರೆ, ಯಾರನ್ನ ತಡೀಬೇಕು ಅಂತ ಪ್ರೂಯಿಟ್ ದಿನಾ ಬೆಳಿಗ್ಗೆ ಇವನಿಗೆ ಪಾಠ ಹೇಳ್ತಿದ್ದ. ಜೋರೆಲ್‌ನ ಮೇಜಿನ ಸಂದಿಯಲ್ಲಿ ಉಪ್ಪು, ಮೆಣಸುಪುಡಿ ಚೆಲ್ಲಿತ್ತು.” ಒಡೆಸ್ಸಾ ಜೋರೆಲ್ ಕಡೆ ತಿರುಗಿದರು. “ ನಿಂಗೆ ಪಾಠ ತಲೆಗೆ ಹತ್ತಲ್ಲ ಅಂತ ಕೋಚ್‌ಗೆ ಗೊತ್ತಾಗಬಾರದು, ಪ್ರೂಯಿಟ್ ಹೋದ್ರೆ ಜಾಗವೂ ನಿಂಗೇ, ಅಲ್ವೇನಪ್ಪ?”

ಜೋರೆಲ್ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. “ಊರಲ್ಲಿ ಎಲ್ರಿಗೂ ಆಯ್ಕೆ ಆದೆ ಅಂತ ಹೇಳ್ಬಿಟ್ಟಿದೀನಿ. ಯಾವ ಮುಖ ಇಟ್ಕೊಂಡು ವಾಪಸ್ ಹೋಗ್ಲಿ?”

“ಪ್ರೂಯಿಟ್, ನೀನ್ಯಾಕೋ ಬಾಯಿ ಮುಚ್ಕೊಂಡಿದ್ದೆ?” ಎಂದರು ಹ್ಯಾಸ್ಕೆಲ್.

“ಬೆಳಿಗ್ಗೆ ಪಾಠ ಹೇಳುವಾಗ ಚೆಂಡು ಅವನ ತೊಡೆ ಮೇಲೇ ಇತ್ತು ಕೋಚ್. ಆದ್ರೆ ರಾತ್ರಿ ಮಲಗಿದ್ದಾಗಲೇ ಕಳುವಾಗಿತ್ತಂತೆ.” ಪ್ರೂಯಿಟ್ ನೆಲ ನೋಡುತ್ತ ಹೇಳಿದ. “ಅವನೇ ಹೇಳ್ಲಿ ಅಂತ ಕಾದೆ. ನಾನು ಪಾಠ ಹೇಳಿದ ಹುಡುಗ ಇಂಥವನು ಅನ್ನೋಕೆ ನಂಗೇ ನಾಚಿಕೆ ಆಯ್ತು.”

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಕ್ಕಿದ್ದ ಕೋಚ್ ಕೂಡ.

ಸಂಜೆ ಜೋರೆಲ್ ಪೆಟ್ಟಿಗೆ ಹಿಡಿದು ಗೇಟಿನ ಹತ್ತಿರದ ಬೆಂಚಿನಲ್ಲಿ ವ್ಯಾನಿಗೆ ಕಾಯುತ್ತಿದ್ದ. ಸ್ವಲ್ಪ ಹೊತ್ತಿಗೆ ಪ್ರೂಯಿಟ್ ಹೋಗಿ ಅವನ ಪಕ್ಕದಲ್ಲಿ ಕುಳಿತ.

ಕಿಟಕಿಯಿಂದ ನೋಡುತ್ತಿದ್ದ ಲೆನೋರ್‌ಳ ಬೆನ್ನ ಹಿಂದೆ ಒಡೆಸ್ಸಾ ಮೆಲ್ಲಗೆ ಹೇಳಿದರು, “ಇಲ್ಲಿ ನಿಂತು ಏನು ಮಾಡ್ತೀಯಮ್ಮ? ಹೋಗು.”

ಅವಳು ಹೋದಳು. ಕಳ್ಳನ ಥರ ಅಂದಿದ್ದಕ್ಕೆ ಕ್ಷಮೆ ಕೇಳಬೇಕೆಂದು ಬೆಂಚಿನ ಮುಂದೆ ನಿಂತಳು. ಪ್ರೂಯಿಟ್ ತಲೆಯೆತ್ತಿ ನೋಡಿದ. ಕೋಪವಿರಲಿಲ್ಲ; ಇದ್ದಿದ್ದರೆ ಅವಳ ಮನಸ್ಸು ಹಗುರವಾಗುತ್ತಿತ್ತು. ಅವನು ಅತ್ತ ಸರಿದು, ಬೆಂಚಿನಲ್ಲಿ ಅವಳಿಗೂ ಜಾಗ ಮಾಡಿಕೊಟ್ಟ.