ಕುಲಗೋಡದ ತಣ್ಣನೆ ಶೆಡ್ಡು

"ಅಕ್ಕೋರ, ಹೆಂಗಾರ ಮಾಡಿ ನನ್ನ ಗಂಡನ್ನ ಉಳಸ್ರಿ!" ಎನ್ನುತ್ತ ಶಿವವ್ವ ಗೋಕಾಕದ ಅಕ್ಕೋರ ಮನೆಯ ಹೊಸ್ತಿಲಲ್ಲೇ ಕುಸಿದಳು.

ಸೋಮಶೇಖರ ಚಹಾ ಅರ್ಧಕ್ಕೇ ಬಿಟ್ಟ. ಹುಕ್ಕೇರಿಯಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದ ಅನ್ನಪೂರ್ಣಾ ಅಕ್ಕೋರ ಬಾಗಿಲಿಗೆ ಬಗೆಹರಿಯದ ತಕರಾರುಗಳೆಲ್ಲ ಬರುತ್ತಿದ್ದವು. ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ತಿರುಗುವ ಕರ್ಮ ಪಕ್ಕದ ಮನೆಯ ಇವನದು. ಗೊಣಗುತ್ತಿದ್ದ, ಆದರೆ ಒಂದು ಸಲವೂ ತಪ್ಪಿಸಿಕೊಂಡವನಲ್ಲ.

ಶಿವವ್ವನ ಗಂಡ ಕಲ್ಲಪ್ಪ ಕುಲಗೋಡದ ಸತ್ತೆಪ್ಪನ ಕೋಳಿ ಶೆಡ್ಡು ನೋಡಿಕೊಳ್ಳುವವ. ಹಿಂದಿನ ರಾತ್ರಿಯ ಥಂಡಿಯಲ್ಲಿ ಬಿಸಿ ದೀಪಗಳು ಹತ್ತದೆ ಮರಿಗಳೆಲ್ಲ ಸತ್ತಿದ್ದವು. "ಇವನs ದೀಪ ಆರಿಸ್ಯಾನ ಅಂತ ಧಣ್ಯಾರು ನಸಕಿನ್ಯಾಗs ಕಾಳಿನ ಕೋಣ್ಯಾಗ ಹಾಕಿ ಕೀಲಿ ಜಡದಾರ್ರಿ. ಸಂಜೀಕ ಮೂಡಲಗಿ ಪೊಲೀಸರಿಗೆ ಕೊಡ್ತಾರಂತ!"

ಶಿವವ್ವನೊಂದಿಗೆ ಕುಲಗೋಡಕ್ಕೆ ಹೋಗಿ ನೋಡಿದರೆ, ಶೆಡ್ಡಿನ ಮೂಲೆಯಲ್ಲಿ ಹಳದಿ ಮರಿಗಳು ಒಂದರ ಮೇಲೊಂದು ರಾಶಿಯಾಗಿ ಬಿದ್ದಿದ್ದವು. "ವಿಷ ಅಲ್ಲ, ಥಂಡಿಗೆ ಒತ್ತಿಕೊಂಡು ಸತ್ತಾವ," ಎಂದರು ಅಕ್ಕೋರು. "ಕರೆಂಟ್ ಹೋಗಿತ್ತೇನ್ರಿ?"

"ಇಲ್ರಿ," ಎಂದ ಸತ್ತೆಪ್ಪ.

ಅವನ ಅಳಿಯ ರಾಹುಲ ಲ್ಯಾಪ್‌ಟಾಪ್ ಹಿಡಿದು ಮುಂದೆ ಬಂದ. "ದೀಪ ನಡಸೋ ಪ್ರೋಗ್ರಾಮ್ ನಂದs ರಿ. ದಿನಾ ಸಂಜೀಕ ಕಲ್ಲಪ್ಪ ಟೈಪ್ ಮಾಡಿ ಶುರು ಮಾಡ್ತಿದ್ದ. ನಿನ್ನೆಯಿಂದ ತಾನs ಶುರು ಆಗೋಹಂಗ ಮಾಡಿದೆ. ತನ್ನ ಕೆಲಸ ಹೋತಂತ ಅವಗ ಸಿಟ್ಟು." ಶೆಡ್ಡಿನಲ್ಲಿದ್ದ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಶುರು ಮಾಡಿ ತೋರಿಸಿದ, ದೀಪಗಳು ಝಗ್ಗನೆ ಹತ್ತಿದವು. "ನೋಡ್ರಿ, ಸರಿ ಐತಿ. ನಿನ್ನೆ ಹಾಕಿದ ಮ್ಯಾಲ ನಾ ಮುಟ್ಟೇ ಇಲ್ಲ."

ಅಕ್ಕೋರು ಕಾಳಿನ ಕೋಣೆಯ ಕಿಟಕಿಗೆ ಹೋದರು. "ಕಲ್ಲಪ್ಪಾ, ದಿನಾ ಏನ್ ಟೈಪ್ ಮಾಡ್ತಿದ್ದಿ?"

"ಮೊದಲ ಪೈಥಾನ್ ಅಂತ, ಆಮ್ಯಾಲ ಫೈಲಿನ ಹೆಸರ್ರಿ. ನಿನ್ನೆ ಮುಟ್ಟಬ್ಯಾಡ, ಮನಿಗೆ ಹೋಗು ಅಂದ್ರು. ಹೋದೆ." ಮಾತಾಡುವಾಗ ಅವನು ತಲೆ ಎತ್ತಲಿಲ್ಲ.

ಅಕ್ಕೋರು ಶೆಡ್ಡಿನ ಕಂಪ್ಯೂಟರಿನ ಸುತ್ತ ಎಲ್ಲರನ್ನೂ ಸೇರಿಸಿದರು. ರಾಹುಲನ ಲ್ಯಾಪ್‌ಟಾಪಿನಲ್ಲಿದ್ದ ಮೂಲ ಫೈಲನ್ನು ಆ ಲ್ಯಾಪ್‌ಟಾಪಿನಲ್ಲೇ ಶುರು ಮಾಡಿಸಿದರು, ನಡೆಯಿತು. ದೀಪಗಳನ್ನು ಆರಿಸಿ, ಅದನ್ನೇ ಶೆಡ್ಡಿನ ಕಂಪ್ಯೂಟರಿಗೆ ಬೇರೆ ಹೆಸರಿನಲ್ಲಿ ಹಾಕಿ, ಬರೀ ಫೈಲಿನ ಹೆಸರಿನಿಂದ ಶುರು ಮಾಡಿದರು. ದೀಪ ಹತ್ತಲಿಲ್ಲ. ಕಲ್ಲಪ್ಪ ಹೇಳಿದಂತೆ ಮೊದಲು ಪೈಥಾನ್ ಸೇರಿಸಿ ಟೈಪ್ ಮಾಡಿದರು, ಹತ್ತಿತು!

"ಅರೇ, ಇದೇನ್ರಿ ಅಕ್ಕೋರ?" ಎಂದ ಸೋಮಶೇಖರ.

"ಇದನ್ನ ಓದಾಕ ಯಾರನ್ನ ಕರೀಬೇಕು ಅಂತ ಫೈಲಿನ ಮೊದಲನೇ ಸಾಲು ಹೇಳತೈತಿ. ಓದಿ ನಡಸೂದು ಪೈಥಾನ್; ರಾಹುಲ ಅಲ್ಲಿ ಅದರ ಹೆಸರಿನ ಬಾಜೂಕ ಅದಕ್ಕ ಒಂದು ಸೂಚನಾನೂ ಬರದಾನ. ಇವನ ಲ್ಯಾಪ್‌ಟಾಪ್ ಮ್ಯಾಕ್. ಅದು ಹೆಸರು ಬ್ಯಾರೆ, ಸೂಚನಾ ಬ್ಯಾರೆ ಅಂತ ಬಿಡಿಸಿ ತಗೋತೈತಿ. ಇಲ್ಲಿರೋದು ಲಿನಕ್ಸ್; ಇದು ಎರಡೂ ಕೂಡಿಸಿ ಒಂದs ಹೆಸರು ಅಂತ ಹುಡುಕತೈತಿ. ಅಂಥಾ ಹೆಸರಿಂದು ಇಲ್ಲಿ ಇಲ್ಲ, ಹಂಗಾಗಿ ಪ್ರೋಗ್ರಾಮ್ ಏಳೂದs ಇಲ್ಲ. ಕಲ್ಲಪ್ಪ ತಾನs ಪೈಥಾನ್ ಕರೀತಿದ್ದ, ಅವಗ ಆ ಸಾಲು ಬೇಕಾಗಿರಲಿಲ್ಲ. ಅವನ ಕೈ ತಪ್ಪಿಸಿದ ಮೊದಲನೇ ಸಂಜಿನs ದೀಪ ಹತ್ತಲಿಲ್ಲ."

"ಮತ್ತ ಆಗಳೆ ಹೆಂಗ ಹತ್ತಿತ್ರಿ?" ಸತ್ತೆಪ್ಪ ಕೇಳಿದ.

"ಇಲ್ಲಿದ್ದ ಫೈಲಿನ್ಯಾಗಿಂದ ಆ ಸೂಚನಾ ಅಳಿಸ್ಯಾರ. ಇವತ್ತು ಹೊತ್ತು ಮೂಡಿದ ಮ್ಯಾಲ ಬದಲಾಗೈತಿ ಅಂತ ಇಲ್ಲೇ ಕಾಣ್ತೈತಿ, ನೋಡ್ರಿ. ಆಗ ಕಲ್ಲಪ್ಪ ಎಲ್ಲಿದ್ದ ಸತ್ತೆಪ್ಪನವರ?"

ಸತ್ತೆಪ್ಪ ತನ್ನ ಕೈಯೊಳಗಿನ ಕೀಲಿ ನೋಡಿಕೊಂಡ. ರಾಹುಲನ ಮುಖ ಬಿಳಿಚಿತು.

"ಮಾವಾರ... ಮುಂಜಾನೆ ನೋಡಿದಾಗ ಗೊತ್ತಾತ್ರಿ. ಹೇಳಾಕ ಅಂಜಿದೆ."

"ನಿನ್ನ ಅಂಜಿಕಿಗೆ ಅವನ್ನ ಜೇಲಿಗೆ ಕಳಸ್ತಿದ್ದೇನೋ?" ಅಕ್ಕೋರು ಹಾಗೆ ಸಿಟ್ಟಾಗಿದ್ದನ್ನು ಸೋಮಶೇಖರ ಹಿಂದೆಂದೂ ಕಂಡಿರಲಿಲ್ಲ.

ಸತ್ತೆಪ್ಪ ತಾನೇ ಹೋಗಿ ಬಾಗಿಲು ತೆಗೆದ. "ಮನಸಿಗೆ ಹಚ್ಕೋಬ್ಯಾಡೋ ಕಲ್ಲಪ್ಪಾ. ಮುಂದಿನ ವಾರ ಹೊಸಾ ಮರಿ ಬರ್ತಾವ, ನೀನs ನೋಡ್ಕೋ."

ಕಲ್ಲಪ್ಪ ಬುಟ್ಟಿ ತಂದು ಸತ್ತ ಮರಿಗಳನ್ನು ಒಂದೊಂದಾಗಿ ಎತ್ತಿಟ್ಟ. ಗಂಡ ಹೆಂಡತಿ ಶೆಡ್ಡಿನ ಹಿಂದೆ ತಗ್ಗು ತೋಡಿ ಮುಚ್ಚಿದರು. ಕೇಸು ಬಗೆಹರಿದ ಖುಷಿ ಸೋಮಶೇಖರನಿಗೆ ಒಂದಿಷ್ಟೂ ಆಗಲಿಲ್ಲ.

ಕೈ ತೊಳೆದು ಬಂದ ಕಲ್ಲಪ್ಪ ಉಡದಾರದಿಂದ ಶೆಡ್ಡಿನ ಕೀಲಿ ಬಿಚ್ಚಿ ಸತ್ತೆಪ್ಪನ ಅಂಗೈಯಲ್ಲಿಟ್ಟ.

"ಇದನ್ನೂ ನೀವs ಇಟ್ಕೋರಿ, ಧಣ್ಯಾರ," ಎಂದು ಹೆಂಡತಿಯನ್ನು ಕರೆದುಕೊಂಡು ಬಸ್ಸಿನ ದಾರಿ ಹಿಡಿದ.