ವೈಟ್ಟಿಲದಲ್ಲಿ ಹನ್ನೊಂದು ಸುತ್ತು

ಫೆಬ್ರವರಿ ಹನ್ನೆರಡನೇ ತಾರೀಕು, ಬುಧವಾರ, ಬೆಳಿಗ್ಗೆ ಹತ್ತೂವರೆಗೆ ಕೊಚ್ಚಿಯ ಮಟ್ಟಾಂಚೇರಿ ಪೊಲೀಸ್ ಠಾಣೆಗೆ ಬಂದ ಯುವಕನೊಬ್ಬ ತನ್ನ ಕ್ಲಚ್ ಕಳುವಾಗಿದೆ ಎಂದು ದೂರು ಕೊಟ್ಟ. ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ವಿಲ್ಸನ್ ಪೆನ್ನು ಎತ್ತಿದ.

"ಕಾರು ಯಾವುದು?"

"ಕಾರು ಇದೆ. ಕ್ಲಚ್ ಮಾತ್ರ ಹೋಗಿದೆ."

ಕಾರನ್ನು ಬಿಟ್ಟು ಕ್ಲಚ್ಚನ್ನಷ್ಟೇ ಒಯ್ಯುವ ಕಳ್ಳ ವಿಲ್ಸನ್‌ಗೆ ಇಷ್ಟು ವರ್ಷದ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ. ಅವನು ಎದ್ದು, ಎಡ ಮಂಡಿಯನ್ನು ಒಂದು ಕ್ಷಣ ಹಿಡಿದುಕೊಂಡು ನಿಂತು, ದೂರುದಾರನನ್ನು ಇನ್‌ಸ್ಪೆಕ್ಟರ ಕೋಣೆಗೆ ಕರೆದೊಯ್ದ. ಠಾಣೆಯ ಜೀಪು ಓಡಿಸುವವನೂ ಅವನೇ. ಆ ಜೀಪಿನ ಕ್ಲಚ್ ಪೆಡಲ್ ಒತ್ತುವುದೆಂದರೆ ಗೋಡೆ ತಳ್ಳಿದ ಹಾಗೆ. ಮಂಡಿ ಹೋದದ್ದು ಅದರಿಂದಲೇ ಎಂದು ಅವನು ಕೊಟ್ಟಿದ್ದ ಅರ್ಜಿಯ ಬಗ್ಗೆ ಇಲಾಖೆ ಇನ್ನೂ ಯೋಚಿಸುತ್ತಿತ್ತು.

ಇನ್‌ಸ್ಪೆಕ್ಟರ್ ಅನಂತರಾಮ ಕಾಸರಗೋಡಿನ ಬದಿಯಡ್ಕದವರು. ಮೂರು ದಿನ ಮಂತ್ರಿಗಳ ಬಂದೋಬಸ್ತಿನಲ್ಲಿ ಬಿಸಿಲಿಗೆ ನಿಂತು ಬಂದಿದ್ದರು. ಮುಖದ ಒಂದು ಪದರ ಇನ್ನೂ ಅಲ್ಲೇ ರಸ್ತೆ ಬದಿಯಲ್ಲಿ ಉಳಿದಿರುವಂತಿತ್ತು. ದೂರುದಾರನ ಮಲಯಾಳ ಎರಡನೇ ವಾಕ್ಯಕ್ಕೇ ಏದುಸಿರು ಬಿಡುವುದನ್ನು ಕೇಳಿ, "ಕನ್ನಡದಲ್ಲೇ ಹೇಳಿ ಮಾರಾಯ್ರೇ" ಎಂದರು.

"ಥ್ಯಾಂಕ್ಸ್ ಸಾರ್. ಯುವರಾಜ್ ಅಂತ, ಮೈಸೂರು. ಕಾಕ್ಕನಾಡಲ್ಲಿ ಐಟಿ ಕೆಲಸ. ಡ್ರ್ಯಾಗ್ ರೇಸ್ ಓಡಿಸ್ತೀನಿ."

"ಊರ ರಸ್ತೆಯಲ್ಲಿಯಾ?"

"ಅಯ್ಯೋ ಇಲ್ಲ ಸಾರ್, ಪರ್ಮಿಷನ್ ತಗೊಂಡು ಮಾಡೋ ರೇಸು. ಶನಿವಾರ ಮಧ್ಯಾಹ್ನ ತಿರುವನಂತಪುರದಲ್ಲಿದೆ. ಕಾಲು ಮೈಲಿ, ನೇರ ದಾರಿ. ಹದಿಮೂರು ಸೆಕೆಂಡಲ್ಲಿ ಮುಗಿದೋಗುತ್ತೆ."

"ಅಷ್ಟಕ್ಕೆ ಅಲ್ಲಿವರೆಗೆ ಹೋಗುವುದಾ?"

ಯುವರಾಜ್ ಸೀದಾ ಕಳವಿನ ವಿಷಯಕ್ಕೆ ಬಂದ. ಹೊರದೇಶದಿಂದ ತರಿಸಿದ ಎರಡು ಪ್ಲೇಟಿನ ಕ್ಲಚ್ ಜನವರಿ ಕೊನೆಗೆ ಬಂದಿತ್ತು. ಮಟ್ಟಾಂಚೇರಿಯ ಮನೋಜನ ಗ್ಯಾರೇಜಿನ ಬೀರುವಿನಲ್ಲಿ ಇಟ್ಟಿದ್ದರು. ನಿನ್ನೆ ಕಾರಿಗೆ ಹಾಕೋಣವೆಂದು ಡಬ್ಬ ಬಿಚ್ಚಿದರೆ ಒಳಗೆ ಸವೆದ ಮಾಮೂಲಿ ಕ್ಲಚ್ ಇತ್ತು.

"ಎರಡು ಪ್ಲೇಟಿನದ್ದೇ ಯಾಕೆ?"

"ಸ್ಟ್ರಾಂಗು ಸಾರ್."

"ಮೂರು ಪ್ಲೇಟಿನದ್ದು ಇಲ್ಲವಾ?"

"ಇದೆ."

"ಅದು ಇನ್ನೂ ಸ್ಟ್ರಾಂಗು ಅಲ್ಲವಾ? ಅದನ್ನು ಯಾಕೆ ತರಿಸಲಿಲ್ಲ?"

ಯುವರಾಜ್ ಫ್ಯಾನು ನೋಡಿದ. "ಅಂದ್ರೆ... ತೇಜಸ್ವಿನಿ ಅಂತ ಹುಬ್ಬಳ್ಳಿಯವರು, ನಮ್ಮ ಆಫೀಸೇ. ಅವರು ತಿಂಗಳುಗಟ್ಲೆ ಕೂತು ಓದಿ, ಲೆಕ್ಕ ಹಾಕಿ, ಇದೇ ಸರಿ ಅಂತ ನಮ್ಮ ಗ್ರೂಪಲ್ಲಿ ಹಾಕಿದ್ರು. ನಾನು ನೋಡ್ದೆ, ಆರ್ಡರ್ ಮಾಡ್ದೆ. ಅಂಗಡಿಯವನ ಹತ್ರ ಒಂದೇ ಇತ್ತು."

"ಅವರು ರೇಸ್ ಓಡಿಸುವುದಿಲ್ಲವಾ?"

"ಓಡಿಸ್ತಿದ್ರು. ನನ್ನ ಕಾರಿನದೇ ಮಾಡೆಲ್ಲು. ಹೋದ ವರ್ಷ ಆಕ್ಸಿಡೆಂಟಲ್ಲಿ ಎಡ ಮಂಡಿ ಹೋಯ್ತು. ಕ್ಲಚ್ ಒತ್ತಕ್ಕಾಗಲ್ಲ ಸಾರ್. ಅವ್ರನ್ನ ಲಿಸ್ಟಿಂದ ತೆಗೀರಿ."

"ಲಿಸ್ಟು ನಾನು ಇನ್ನೂ ಮಾಡಿಲ್ಲ. ಆಕ್ಸಿಡೆಂಟಿನ ದಿನ ಗಾಡಿ ಓಡಿಸುತ್ತಿದ್ದದ್ದು ಯಾರು?"

ಯುವರಾಜ್ ಮತ್ತೆ ಫ್ಯಾನು ನೋಡಿದ. "ನಾನೇ ಸಾರ್. ಅವ್ರು ಪಕ್ಕದ ಸೀಟಲ್ಲಿದ್ರು."

ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಕಳವಿನ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಗ್ಯಾರೇಜಿನಲ್ಲಿ ಪಂಚನಾಮೆ. ಹಿಂದೆ ಅದು ಮಸಾಲೆ ಗೋದಾಮು. ಗೇರ್ ಆಯಿಲಿನ ವಾಸನೆಯ ಅಡಿಯಿಂದ ಈಗಲೂ ಒಣಶುಂಠಿ ಏಳುತ್ತಿತ್ತು. ಪಂಚರಾಗಿ ಸಿಕ್ಕವರು ಎದುರಿನ ಚಹಾ ಅಂಗಡಿಯವನು ಮತ್ತು ಪಕ್ಕದ ಮೆಣಸಿನ ಮಳಿಗೆಯ ಗುಮಾಸ್ತ. ಇಲ್ಲದ ಕ್ಲಚ್ಚನ್ನು ನೋಡಿದ್ದಾಗಿ ಸಹಿ ಹಾಕಬೇಕೋ, ನೋಡಿಲ್ಲವೆಂದೋ ಎಂಬ ಗುಮಾಸ್ತನ ಸಂಶಯ ಪರಿಹರಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಬೀರುವಿನ ಬೀಗ ಒಡೆದಿರಲಿಲ್ಲ. ಕೀಲಿ ಬಾಗಿಲ ಮೇಲಿನ ತೊಲೆಯಲ್ಲಿರುತ್ತದೆ, ಅದು ಗ್ಯಾರೇಜಿಗೆ ಬರುವವರಿಗೆಲ್ಲ ಗೊತ್ತು ಎಂದು ಮನೋಜ್ ಹೇಳಿದ.

"ಹಾಗಾದರೆ ಬೀಗ ಎಂತಕ್ಕೆ?" ಅನಂತರಾಮ ಕೇಳಿದರು.

"ಗೊತ್ತಿಲ್ಲದವರಿಗೆ, ಸಾರೆ."

ಈ ಕ್ಲಚ್ಚಿನ ವಿಶೇಷ ಏನೆಂದು ಕೇಳಿದಾಗ ಮನೋಜ್ ಎರಡು ಸ್ಟೀಲಿನ ತಟ್ಟೆಗಳನ್ನು ಅಂಗೈಗಳ ನಡುವೆ ಹಿಡಿದು ತೋರಿಸಿದ. ಎಂಜಿನ್ ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗುವಾಗ ಗೇರು ಬದಲಿಸಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಕ್ಲಚ್ ಪೂರ್ತಿ ಬಿಡಬೇಕು, ಪೂರ್ತಿ ಹಿಡಿಯಬೇಕು. ಒಂದೇ ದೊಡ್ಡ ಪ್ಲೇಟಾದರೆ ಬಿಟ್ಟ ಮೇಲೂ ತನ್ನ ಭಾರಕ್ಕೆ ತಿರುಗುತ್ತಲೇ ಇರುತ್ತದೆ, ಗೇರು ಹಲ್ಲು ಕಡಿಯುತ್ತದೆ. ಸಣ್ಣವು ಎರಡಾದರೆ ಹಗುರ, ಹಿಡಿತವೂ ಹಂಚಿಕೊಳ್ಳುತ್ತದೆ. ಅದಕ್ಕೇ ಸ್ಪ್ರಿಂಗ್ ಮೆದುವಾಗಿದ್ದರೂ ಸಾಕು.

"ಸ್ಪ್ರಿಂಗ್ ಮೆದುವಾದರೆ?"

"ಪೆಡಲ್ ಹಗುರ. ಗಟ್ಟಿಗರಿಗೆ ಅದು ಬೇಕಾಗಿಲ್ಲ. ಯುವರಾಜನಿಗೆ ಇದು ಯಾಕೆ ಅಂತ ನಾನೂ ಕೇಳಿದ್ದೆ."

ವಿಲ್ಸನ್ ತನ್ನ ಮಂಡಿಯ ಕಡೆ ನೋಡಿಕೊಂಡ. ಅನಂತರಾಮ ಅದನ್ನು ಗಮನಿಸಿದರು, ಬರೆಸಲಿಲ್ಲ.

"ಶನಿವಾರ ರೇಸು. ಕದ್ದವನು ಅಲ್ಲಿಗೆ ಇದನ್ನೇ ಹಾಕಿಕೊಂಡು ಬರಬಹುದಾ?"

"ಬರಬಹುದು. ಆದರೆ ಹೊಸ ಕ್ಲಚ್ಚನ್ನು ಪಳಗಿಸದೆ ಎಂಟು ಸಾವಿರಕ್ಕೆ ಎಳೆದರೆ ಸುಟ್ಟು ಗಾಜಿನ ಹಾಗೆ ನುಣುಪಾಗಿಬಿಡುತ್ತದೆ. ಎಂಟುನೂರು ಕಿಲೋಮೀಟರು ಮೆತ್ತಗೆ ಓಡಿಸಬೇಕು. ಹೈವೇ ಲೆಕ್ಕಕ್ಕಿಲ್ಲ. ನಿಲ್ಲಬೇಕು, ಹೊರಡಬೇಕು, ನಿಲ್ಲಬೇಕು. ಯುವರಾಜನಿಗೆ ಅಷ್ಟು ತಾಳ್ಮೆ ಎಲ್ಲಿದೆ? ಹಾಕಿದ ನಾಲ್ಕನೇ ದಿನಕ್ಕೇ ರೇಸು ಅಂದ. ಕಳ್ಳನೂ ಅವನ ಹಾಗೇ ಆದರೆ ನಿಮಗೆ ಸಿಗುವುದು ಬೂದಿ."

"ಕಳ್ಳನಿಗೆ ತಾಳ್ಮೆ ಇದ್ದರೆ? ನಿಲ್ಲುವುದು ಹೊರಡುವುದು ಕೊಚ್ಚಿಯಲ್ಲಿ ಎಲ್ಲಿ ಸಿಗುತ್ತದೆ?"

ವಿಲ್ಸನ್ ಮೊದಲ ಬಾರಿಗೆ ನಕ್ಕ. "ಸಾರೆ, ಕ್ಲಚ್ ಪಳಗಿಸಲಿಕ್ಕೆ ದೇವರು ವೈಟ್ಟಿಲ ಜಂಕ್ಷನ್ ಕೊಟ್ಟಿದ್ದಾನೆ. ಮನುಷ್ಯರಿಗೆ ಅದರಿಂದ ಬೇರೆ ಉಪಯೋಗ ಇಲ್ಲ."

ಗುರುವಾರ ಪೂರ್ತಿ ವಿಲ್ಸನ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ನಿರ್ಮಲ ವೈಟ್ಟಿಲದ ಸಿಸಿಟಿವಿ ಚಿತ್ರಗಳ ಎದುರು ಕೂತರು. ಆ ಜಂಕ್ಷನ್ನಿಗೆ ಬಂದವರೆಲ್ಲ ಅಲ್ಲಿಂದ ಪಾರಾಗಲು ಹೆಣಗುವವರೇ. ಹಾರ್ನು ಹೊಡೆಯುತ್ತಾರೆ, ನುಗ್ಗುತ್ತಾರೆ, ಹೋದವರು ಅಂದಿಗೆ ತಿರುಗಿ ಬರುವುದಿಲ್ಲ. ಸಂಜೆಯ ಹೊತ್ತಿಗೆ ನಿರ್ಮಲ ಪರದೆಯ ಮೇಲೆ ಬೆರಳಿಟ್ಟಳು.

"ಈ ಬೂದುಬಣ್ಣದ ಕಾರು ನೋಡಿ ವಿಲ್ಸನ್ ಚೇಟ್ಟ. ಸೋಮವಾರ ಸಂಜೆ ಆರಕ್ಕೆ ಹೋಗಿದೆ. ಪುನಃ ಬಂದಿದೆ. ಪುನಃ."

ಸೋಮವಾರ ಒಂದೇ ಸಂಜೆ ಹನ್ನೊಂದು ಸುತ್ತು. ಬಸ್ಸುಗಳಿಗೆ ದಾರಿ ಬಿಟ್ಟುಕೊಟ್ಟಿತ್ತು. ಹಸಿರು ದೀಪ ಇದ್ದಾಗಲೂ ಅವಸರಪಡದೆ ಮುಂದಿನ ಕೆಂಪಿಗೆ ಕಾದಿತ್ತು. ವೈಟ್ಟಿಲದಲ್ಲಿ ಇಷ್ಟು ಸಭ್ಯವಾಗಿ ವಾಹನ ಓಡಿಸಿದ್ದೇ ಸಂಶಯಕ್ಕೆ ಸಾಕಷ್ಟು ಕಾರಣ ಎಂದು ಅನಂತರಾಮ ಹೇಳಿದರು. ನೋಂದಣಿ ತೇಜಸ್ವಿನಿ ಅಂಗಡಿ ಎಂಬ ಹೆಸರಿನಲ್ಲಿತ್ತು.

ಶುಕ್ರವಾರ ಅವಳ ಅಪಾರ್ಟ್‌ಮೆಂಟಿಗೆ ಹೋದಾಗ ಬಾಗಿಲಿಗೆ ಬೀಗ. ಕಾವಲುಗಾರ ಹೇಳಿದ: ಮೇಡಂ ಬೆಳಿಗ್ಗೆಯೇ ತಿರುವನಂತಪುರಕ್ಕೆ ಹೋದರು. ಬೈಪಾಸಿನಲ್ಲಿ ಹೋಗಿ ಎಂದರೆ ಬೇಡ, ಊರುಗಳ ಒಳಗಿನಿಂದಲೇ ಹೋಗುತ್ತೇನೆ ಎಂದರು. ಹೋದ ವಾರ ಎರಡು ದಿನ ಬೇಸ್‌ಮೆಂಟಿನಲ್ಲಿ ರಟ್ಟು ಹಾಸಿಕೊಂಡು ಕಾರಿನಡಿ ಮಲಗಿದ್ದರು. "ಎದ್ದು ಬರಲಿಕ್ಕೆ ಆಗುತ್ತಿರಲಿಲ್ಲ ಸಾರೆ. ನಾನು ಕೈ ಕೊಡಲು ಹೋದರೆ ಬೈದರು."

ಫೆಬ್ರವರಿ ಹದಿನೈದು, ಶನಿವಾರ. ಜೀಪು ಬೆಳಿಗ್ಗೆ ಹತ್ತಕ್ಕೆ ತಿರುವನಂತಪುರದ ಹೊರಗಿನ ರೇಸಿನ ಮೈದಾನ ತಲುಪಿತು. ಪಟ್ಟಿಯಲ್ಲಿ ತೇಜಸ್ವಿನಿಯ ಹೆಸರಿತ್ತು, ಓಟ ಮಧ್ಯಾಹ್ನ ಮೂರಕ್ಕೆ. ಕಾರೂ ಇರಲಿಲ್ಲ, ಅವಳೂ ಇರಲಿಲ್ಲ. ಜೊತೆಗೆ ಬಂದಿದ್ದ ಸ್ಥಳೀಯ ಠಾಣೆಯ ಪ್ರಮೋದ್, ಇಲ್ಲೇ ಕಾಯೋಣ ಎಂದ. ನೆರಳಿರಲಿಲ್ಲ.

"ಪ್ರಮೋದೇ, ಈ ಹೊತ್ತಿನಲ್ಲಿ ನಿಮ್ಮ ಊರಲ್ಲಿ ಅತಿ ಕೆಟ್ಟ ಟ್ರಾಫಿಕ್ ಎಲ್ಲಿ?" ಅನಂತರಾಮ ಕೇಳಿದರು.

"ಕಿಳಕ್ಕೇಕೋಟ, ಸಾರೆ. ಅದರಲ್ಲಿ ಅನುಮಾನವೇ ಇಲ್ಲ." ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ಕೋಟೆಯ ಬಾಗಿಲ ಎದುರು, ಬಸ್ ನಿಲ್ದಾಣದ ಪಕ್ಕದಲ್ಲಿ, ಜವಳಿ ಅಂಗಡಿಗಳ ಸಾಲಿನಲ್ಲಿ, ಇಡೀ ಜಿಲ್ಲೆ ಆ ಹೊತ್ತಿಗೆ ಬಂದು ನಿಂತಂತಿತ್ತು. ಬೂದುಬಣ್ಣದ ಕಾರು ಎರಡು ಬಸ್ಸುಗಳ ನಡುವೆ ಕಂಡಿತು. ಬೆನ್ನಟ್ಟುವುದು ಸಾಧ್ಯವಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಎಂಟು ಸಾವಿರ ಸುತ್ತಿಗೆ ಸಜ್ಜಾದ ಆ ಕಾರು ಮುಂದಿದ್ದ ಆಟೊದ ಹಿಂದೆ ಒಂದು ಮಾರು ಸರಿಯಿತು, ನಿಂತಿತು. ನಿರ್ಮಲ ಜೀಪಿನಿಂದಿಳಿದು ಬಸ್ಸುಗಳ ನಡುವೆ ನಡೆದುಹೋಗಿ ಕಿಟಕಿಯ ಗಾಜು ತಟ್ಟಿದಳು.

ಗಾಜು ಇಳಿಯಿತು. ಮೂವತ್ತರ ಆಸುಪಾಸಿನ ಹೆಂಗಸು, ಎಡ ಮಂಡಿಗೆ ಪಟ್ಟಿ. ಖಾಕಿ ನೋಡಿ ಅವಳು ಬೆಚ್ಚಲಿಲ್ಲ. ಎಂಜಿನ್ ಆರಿಸಿದಳು. ಹಿಂದಿನ ಬಸ್ಸು ಹಾರ್ನು ಬಾರಿಸಿತು.

ಅನಂತರಾಮ ಬಂದು ಕನ್ನಡದಲ್ಲಿ ಕೇಳಿದರು. "ಕ್ಲಚ್ ಇದರಲ್ಲೇ ಉಂಟಾ?"

ಅವಳು ಒಂದು ಗಳಿಗೆ ದಂಗಾದಳು, ಬಂಧನಕ್ಕಿಂತ ಭಾಷೆಗೆ. "ಐತ್ರಿ ಸರ್. ಕೂಗ್ಯಾಡೂದು ಏನಿಲ್ಲ, ಬರ್ತೀನಿ. ಒಂದ ಮಾತು. ಮೂರಕ್ಕ ನನ್ನ ಓಟ ಐತಿ. ಹದಿಮೂರು ಸೆಕೆಂಡ್ರೀ. ಅದಾದ ಮ್ಯಾಲೆ ಕೈಕೋಳ ಹಾಕ್ರಿ."

"ಆಗುವುದಿಲ್ಲ."

"ಹದಿಮೂರು ಸೆಕೆಂಡಿನಾಗ ಎಲ್ಲಿ ಓಡಿಹೋಗ್ಲಿ ಸರ್? ನೇರ ದಾರಿ, ಆ ತುದಿಗೆ ನೀವ ನಿಂದರ್ರಿ."

ನಿರ್ಮಲ ನಗು ತಡೆದುಕೊಂಡಳು. ಅನಂತರಾಮ ನಗಲಿಲ್ಲ. "ಅದು ಈಗ ಮುದ್ದೆಮಾಲು, ಕೇಸಿನ ಸೊತ್ತು. ಮುದ್ದೆಮಾಲಿನಲ್ಲಿ ರೇಸ್ ಓಡಿಸಲು ಬಿಟ್ಟೆ ಅಂತ ನಾನು ಕೋರ್ಟಿನಲ್ಲಿ ಹೇಳುವುದಾ? ಇಳಿಯಿರಿ."

ಅವಳು ಇಳಿದಳು. ಮೊದಲು ಬಲಗಾಲು, ಆಮೇಲೆ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಹೊರಗಿಟ್ಟಳು. ಹನ್ನೊಂದೂ ಇಪ್ಪತ್ತಕ್ಕೆ ನಿರ್ಮಲ ಅವಳನ್ನು ದಸ್ತಗಿರಿ ಮಾಡಿದಳು. ಹುಬ್ಬಳ್ಳಿಯಲ್ಲಿದ್ದ ಅಣ್ಣನಿಗೆ ಫೋನಿನಲ್ಲಿ ತಿಳಿಸಲಾಯಿತು.

ಹೇಳಿಕೆಯನ್ನು ಪ್ರಮೋದನ ಠಾಣೆಯಲ್ಲಿ ದಾಖಲಿಸಿದರು.

"ಆರಿಸಿದ್ದು ನೀವೇ. ಆದರೆ ತರಿಸಿದ್ದು ಅವರು, ವಸ್ತು ಅವರದ್ದು. ಗೊತ್ತಿತ್ತಾ?"

"ಗೊತ್ತಿತ್ರಿ."

"ಇನ್ನೊಂದು ಬರುವವರೆಗೆ ಕಾಯಬಹುದಿತ್ತು."

"ಕಾಯಬಹುದಿತ್ತು. ವರ್ಷಕ್ಕೊಂದ ರೇಸ್ರೀ ಇಲ್ಲಿ. ಡಾಕ್ಟರು ಈ ಮಂಡಿ ಬದಲಿಸೂದ ಅಂದಾರ, ಮುಂದಿನ ತಿಂಗಳು. ಆಮ್ಯಾಲೆ ಕ್ಲಚ್ಚಿನ ಮಾತ ಎತ್ತಬ್ಯಾಡ ಅಂದಾರ." ಅವಳು ಮಂಡಿಯ ಪಟ್ಟಿ ಬಿಗಿಮಾಡಿಕೊಂಡಳು. "ಪ್ರತಿ ಕ್ಲಚ್ಚಿಗೂ ಪೆಡಲ್ ಎಷ್ಟು ಭಾರ ಅಂತ ಹುಡುಕೇನ್ರಿ. ಎಂಟು ಸಾವಿರಕ್ಕೂ ಬಿಡಬೇಕು, ನನ್ನ ಕಾಲಿಗೂ ಬಗ್ಗಬೇಕು. ಒಂದ ಸಿಕ್ತು. ಗ್ರೂಪ್‌ನಾಗ ಹಾಕಿದ್ದು ತಪ್ಪಾತು. ಖುಷಿಗೆ ಹಾಕಿದ್ದೆ. ಯುವರಾಜ್ ಮರುದಿನಾನ ಆರ್ಡರ್ ಮಾಡಿದ. ನನಗ ಬೇಕಂತ ಹುಡುಕಿದ್ದು ಅಂದೆ. 'ನೀನೇನ್ ಮಾಡ್ತೀಯಾ ತೇಜು, ರೆಸ್ಟ್ ತಗೋ' ಅಂದ. ಬಹಳ ಪ್ರೀತಿಯಿಂದ ಅಂದಾನ್ರಿ. ಅದಕ್ಕ ಸಿಟ್ಟು ಬಂತು."

"ಆಕ್ಸಿಡೆಂಟಿನ ಮೇಲೆ ಅವರ ಬಗ್ಗೆ ದೂರು ಕೊಟ್ಟಿದ್ದೀರಾ?"

"ಇಲ್ರಿ. ಅವನೂ ಬೇಕಂತ ಗುದ್ದಿದ್ದಿಲ್ಲ."

ಅನಂತರಾಮ ಬರೆಯುವುದನ್ನು ನಿಲ್ಲಿಸಿದರು. "ಪಳಗಿಸದೆ ಹಾಕಿಕೊಂಡು ಬಂದಿದ್ದರೆ ನಮಗೆ ಸಿಕ್ಕುತ್ತಲೇ ಇರಲಿಲ್ಲ."

"ಹಂಗ ಹೆಂಗ್ರಿ ಸರ್," ಅವಳು ಮೊದಲ ಸಲ ನೊಂದವಳಂತೆ ಕಂಡಳು. "ಹೊಸಾ ಕ್ಲಚ್ ಐತಿ. ಸುಡತೈತ್ರಿ. ಎಂಟುನೂರಕ್ಕ ಇನ್ನೂರು ಕಮ್ಮಿ ಇತ್ತು, ಮೂರರೊಳಗ ಆದಷ್ಟು ಪಳಗಸಬೇಕಂದಿದ್ದೆ."

ಮೂರು ಗಂಟೆಗೆ, ಮೈದಾನದಲ್ಲಿ ಅವಳ ಹೆಸರು ಕೂಗಿರಬೇಕಾದ ಹೊತ್ತಿಗೆ, ಅವರು ಕೊಚ್ಚಿಗೆ ಹೊರಟರು. ಮುದ್ದೆಮಾಲು ಕಾರಿನ ಒಳಗೇ ಇದ್ದದ್ದರಿಂದ ಕಾರನ್ನು ಓಡಿಸಿಕೊಂಡೇ ಬರಬೇಕಾಯಿತು. ಅದಕ್ಕೆ ವಿಲ್ಸನ್ ಕೂತ. ಜೀಪನ್ನು ಅನಂತರಾಮ ತಾವೇ ಓಡಿಸಿದರು. ಹಿಂದಿನ ಸೀಟಿನಲ್ಲಿ ನಿರ್ಮಲ, ತೇಜಸ್ವಿನಿ. ಕೊಲ್ಲಂ ದಾಟುವಷ್ಟರಲ್ಲಿ ಇನ್‌ಸ್ಪೆಕ್ಟರ ಎಡಗಾಲು ಸೆಳೆಯತೊಡಗಿತು. ಆಲಪ್ಪುಳದ ರಸ್ತೆ ಕೆಲಸದಲ್ಲಿ ನಿಂತು ಹೊರಟು ನಿಂತಾಗ, ವಿಲ್ಸನ್ನನ ಅರ್ಜಿಗೆ ತಾವೂ ಒಂದು ಟಿಪ್ಪಣಿ ಬರೆಯಬೇಕು ಎಂದುಕೊಂಡರು.

ಕತ್ತಲಾಗುವ ಹೊತ್ತಿಗೆ ವೈಟ್ಟಿಲ. ಜೀಪು, ಕಾರು ಅಕ್ಕಪಕ್ಕ ಸಿಕ್ಕಿಕೊಂಡವು. ವಿಲ್ಸನ್ ಕಿಟಕಿಯಿಂದ ತಲೆ ಹೊರಹಾಕಿದ. ಇನ್ನೂರು ಕಿಲೋಮೀಟರು ಓಡಿಸಿದವನ ಮುಖದಲ್ಲಿ ನಿದ್ದೆ ಮಾಡಿ ಎದ್ದ ಕಳೆ ಇತ್ತು.

"ಸಾರೆ, ಮಂಡಿ ಇದೆ ಅಂತಲೇ ಮರೆತುಹೋಯಿತು."

"ಅವರನ್ನ ಕೇಳ್ರಿ ಸರ್," ಹಿಂದಿನಿಂದ ತೇಜಸ್ವಿನಿ ಮುಂದಕ್ಕೆ ಬಾಗಿದಳು. "ಕ್ಲಚ್ ಹಾಕಿದ ದಿನ ಮೀಟರ್ ಸೊನ್ನೆ ಮಾಡೇನಿ. ಈಗ ಎಷ್ಟು ತೋರಸ್ತೈತಿ?"

ಅನಂತರಾಮ ಕೇಳಿದರು. ವಿಲ್ಸನ್ ಬಗ್ಗಿ ನೋಡಿದ.

"ಎಂಟುನೂರ ಮೂರು, ಸಾರೆ."

ತೇಜಸ್ವಿನಿ ಸೀಟಿಗೆ ಒರಗಿದಳು. ಕೈ ಎಡ ಮಂಡಿಯ ಮೇಲಿತ್ತು.

"ಪಳಗಿತ್ರಿ," ಎಂದಳು. "ಇನ್ನ ಎಷ್ಟ ಬೇಕಾರ ಎಳೀಬಹುದು."

ಸಿಗ್ನಲ್ ಹಸಿರಾಯಿತು. ಯಾರೂ ಕದಲಲಿಲ್ಲ.